ಬಾವಲಿಗೆ ಬಂದ ರೋಗ, ರೈತನಿಗೆ ಬಿದ್ದ ಖರ್ಚು



ಗೊಣ್ಣೆಹುಳು ಮತ್ತು ಕಾಂಡಕೊರಕದ ಕಾಟ ತಮಗೆ ಹೊಸದಲ್ಲ. ಗೊಣ್ಣೆಹುಳುವಿನ ದುಂಬಿ, ಕೊರಕದ ಪತಂಗ ಎರಡೂ ರಾತ್ರಿ ಹಾರುವ ಕೀಟಗಳು. ಇಂಥ ಕೀಟಗಳನ್ನು ಹಿಡಿದು ತಿನ್ನುವುದೇ ಸಣ್ಣ ಬಾವಲಿಗಳ ಜೀವನ. ಕೂಲಿ ಕೇಳದ ಈ ಕಾವಲುಗಾರರು ಇಲ್ಲವಾದರೆ ಏನಾಗುತ್ತದೆ? ಅಮೆರಿಕದ ಅನುಭವ ನೋಡಿರಿ.

2006ರ ಚಳಿಗಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಗವಿಯಲ್ಲಿ, ಮೂಗಿನ ಮೇಲೆ ಬಿಳಿ ಬೂಷ್ಟು ಹಿಡಿದ ಬಾವಲಿಗಳು ಮೊದಲು ಕಂಡವು. ಇದಕ್ಕೆ 'ಬಿಳಿ ಮೂಗಿನ ರೋಗ' ಎಂದು ಹೆಸರು. ಅಲ್ಲಿ ಚಳಿಗಾಲದಲ್ಲಿ ಹುಳು ಸಿಗುವುದಿಲ್ಲ. ಬಾವಲಿಗಳು ಮೈಯ ಕೊಬ್ಬನ್ನೇ ನಂಬಿ ತಿಂಗಳುಗಟ್ಟಲೆ ಗವಿಯಲ್ಲಿ ನಿದ್ರಿಸುತ್ತವೆ. ಬೂಷ್ಟು ಹಿಡಿದರೆ ಪದೇ ಪದೇ ಎಚ್ಚರಗೊಳ್ಳುತ್ತವೆ. ವಸಂತಕ್ಕೆ ಮೊದಲೇ ಕೊಬ್ಬು ತೀರಿ, ಹಸಿವಿನಿಂದ ಸಾಯುತ್ತವೆ. ಮೂರು ಜಾತಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನಾಶವಾಗಿವೆ. ರೋಗಕ್ಕೆ ತುತ್ತಾದ ಸಣ್ಣ ಕಂದು ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಸಂತತಿ ಬೇಗ ತುಂಬಿಕೊಳ್ಳುವುದಿಲ್ಲ.

ಉಳಿದವುಗಳನ್ನು ಕಾಪಾಡಲು ಅವುಗಳ ವಾಸ ಮತ್ತು ಆಹಾರ ತಿಳಿಯಬೇಕು. ಅದಕ್ಕಾಗಿ ವಿಜ್ಞಾನಿಗಳು ಬಾವಲಿಯ ಬೆನ್ನಿಗೆ ಪುಟ್ಟ ರೇಡಿಯೋ ಯಂತ್ರ ಅಂಟಿಸಿ ಹಗಲಿನ ತಾಣ ಹುಡುಕುತ್ತಾರೆ. ನಮ್ಮ ಕಿವಿಗೆ ಕೇಳದ ಅವುಗಳ ಕೂಗನ್ನು ಯಂತ್ರದಲ್ಲಿ ಹಿಡಿದು ಬೇಟೆಯ ಜಾಗ ಗುರುತಿಸುತ್ತಾರೆ. ಹಿಕ್ಕೆ ಪರೀಕ್ಷಿಸಿ ಯಾವ ಹುಳು ತಿಂದಿವೆ ಎಂಬುದನ್ನು ತಿಳಿಯುತ್ತಾರೆ. ಸಣ್ಣ ಕಂದು ಬಾವಲಿಗಳು ಬೇಸಿಗೆಯಲ್ಲಿ ಪೊಟರೆ ಮರ, ಹಳೆಯ ಕಟ್ಟಡಗಳಲ್ಲಿದ್ದು, ನೀರಿನ ಮೇಲೆ ಮತ್ತು ಕಾಡಂಚಿನಲ್ಲಿ ಸೊಳ್ಳೆ, ಪತಂಗ, ದುಂಬಿ ಹಿಡಿಯುತ್ತವೆ. ಚಳಿಗೆ ಮುಂಚೆ ಚೆನ್ನಾಗಿ ತಿಂದು ಕೊಬ್ಬಿದ ಬಾವಲಿ ರೋಗವನ್ನು ತಾಳಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಮೇವಿನ ಜಾಗ ಉಳಿಸುವುದೂ ಒಂದು ಚಿಕಿತ್ಸೆಯೇ.

2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಬಾವಲಿಗಳು ಸತ್ತ ಜಿಲ್ಲೆಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸರಾಸರಿ ಶೇಕಡಾ 31ರಷ್ಟು ಹೆಚ್ಚಿಸಬೇಕಾಯಿತು. ಅಷ್ಟಾದರೂ ಬೆಳೆಯ ಆದಾಯ ಇಳಿಯಿತು.

ಈ ಬೂಷ್ಟು ತಂಪು ಗವಿಗಳದ್ದು. 20 ಡಿಗ್ರಿ ಸೆಲ್ಸಿಯಸ್ ಮೇಲೆ ಬೆಳೆಯುವುದಿಲ್ಲ. ನಮ್ಮ ಕಡೆ ಬಾವಲಿಗೆ ಕುತ್ತು ತರುವುದು ಕೊಡಲಿ ಮತ್ತು ಹೊಗೆ. ಆದಕಾರಣ:

1. ಬದುವಿನ ಹಳೆಯ ಪೊಟರೆ ಮರಗಳನ್ನು ಕಡಿಯಬೇಡಿರಿ.
2. ಹಾಳು ಬಾವಿ, ಗುಡಿ, ಕೋಟೆಗಳಲ್ಲಿರುವ ಬಾವಲಿಗಳಿಗೆ ಹೊಗೆ ಹಾಕಬೇಡಿರಿ.
3. ಬಾವಲಿಯನ್ನು ಕೈಯಿಂದ ಮುಟ್ಟಬೇಡಿರಿ. ಕಚ್ಚಿದರೆ ತಕ್ಷಣ ದವಾಖಾನೆಗೆ ಹೋಗಿರಿ.

ಬಾವಲಿಯೊಂದರಿಂದಲೇ ಕೀಟ ತೀರುವುದಿಲ್ಲ. ಮೊದಲ ಮಳೆಯ ನಂತರ ಬೇವು, ಜಾಲಿ ಮರಗಳಿಂದ ದುಂಬಿ ಉದುರಿಸಿ ನಾಶಮಾಡುವ ಕೆಲಸ ಬಿಡಬೇಡಿರಿ. ಆದರೆ ಪುಕ್ಕಟೆ ಸಿಗುವ ನೆರವನ್ನು ಕಳೆದುಕೊಂಡು, ಅದನ್ನೇ ದುಡ್ಡು ಕೊಟ್ಟು ಡಬ್ಬಿಯಲ್ಲಿ ತರುವುದು ಜಾಣ ಒಕ್ಕಲಿಗನ ಲಕ್ಷಣವಲ್ಲ.