ನೆಲದ ಉಬ್ಬು: ಅಗ್ನಿಪರ್ವತದ ಮುನ್ಸೂಚನೆ

ರಾಯದುರ್ಗ, ಮಡಕಶಿರಾಗಳ ಕೋಟೆಗಳನ್ನು ಹೊತ್ತ ಬೆಟ್ಟಗಳು ಅಚಲತೆಗೇ ಉಪಮಾನವಾಗಬಲ್ಲವು. ಆದರೆ ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾರಸವು ತಣಿದು ತಳೆದ ರೂಪವದು. ಇಲ್ಲಿ ಆರಿದ ಆ ಬೆಂಕಿ ಜಗತ್ತಿನ ಹಲವೆಡೆ ಇಂದಿಗೂ ಆರಿಲ್ಲ. ಅದು ಹೊರಬೀಳುವ ಮೊದಲೇ ಅರಿಯುವ ಬಗೆ ಹೇಗೆ?

ಭೂಗರ್ಭದ ಶಿಲಾಪಾಕವು ಮೇಲೇರಿ ಸಂಚಯಗೊಂಡಾಗ ನೆಲ ಉಬ್ಬುತ್ತದೆ. ಅದು ಹೊರಹರಿದಾಗ ಕುಸಿಯುತ್ತದೆ. ಈ ಏರಿಳಿತವನ್ನು ಅಳೆಯುವುದೇ ಮುನ್ಸೂಚನೆಯ ಒಂದು ಮುಖ್ಯ ಆಧಾರ. ಗಾರೆಯವನ ರಸಮಟ್ಟದ ತತ್ತ್ವವನ್ನೇ ಸೂಕ್ಷ್ಮಗೊಳಿಸಿದ ಟಿಲ್ಟ್‌ಮೀಟರ್, 1 ಕಿಲೋಮೀಟರ್ ಉದ್ದದ ಸಲಾಕೆಯ ಒಂದು ತುದಿ 1 ಮಿಲಿಮೀಟರ್ ಎತ್ತರಿಸಿದರೆ ಉಂಟಾಗುವಷ್ಟು ಅಲ್ಪ ಓರೆಯನ್ನೂ ಗುರುತಿಸುತ್ತದೆ. ಜಿಪಿಎಸ್ ಕೇಂದ್ರಗಳು ನೆಲದ ಸ್ಥಾನಪಲ್ಲಟವನ್ನು ಎಡೆಬಿಡದೆ ದಾಖಲಿಸುತ್ತವೆ. ಜಪಾನಿನ ಸಕುರಾಜಿಮಾ 1914ರಲ್ಲಿ ಸ್ಫೋಟಿಸಿದಾಗ ಸುತ್ತಲಿನ ನೆಲ ಕುಸಿದಿತ್ತು. ಆ ಅಳತೆಗಳನ್ನು ಬಳಸಿ ಕಿಯೂ ಮೋಗಿ ಎಂಬ ವಿಜ್ಞಾನಿ, ಮೇಲಿನ ಕುಸಿತದಿಂದ ಒಳಗಿನ ಶಿಲಾಪಾಕದ ಆಳವನ್ನು ಗಣಿಸುವ ವಿಧಾನವನ್ನು 1958ರಲ್ಲಿ ಪ್ರಕಟಿಸಿದರು.

ಅಳತೆಗೂ ಮಿತಿಯುಂಟು. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದ ಉತ್ತರ ಪಾರ್ಶ್ವವು ದಿನಕ್ಕೆ ಸುಮಾರು ಒಂದೂವರೆ ಮೀಟರ್‌ನಂತೆ ಹೊರಚಾಚುತ್ತಿತ್ತು. ಅಪಾಯವನ್ನರಿತು ಜನರ ಪ್ರವೇಶವನ್ನು ನಿರ್ಬಂಧಿಸಲಾಯಿತು; ಹಲವರ ಜೀವ ಉಳಿಯಿತು. ಆದರೆ ಉಬ್ಬುವಿಕೆಯ ವೇಗ ಕೊನೆಯವರೆಗೂ ಬದಲಾಗಲಿಲ್ಲ. ಸ್ಫೋಟದ ಗಳಿಗೆ ತಿಳಿಯಲಿಲ್ಲ. ಮೇ 18ರಂದು ಆ ಪಾರ್ಶ್ವವೇ ಕುಸಿದು ಪರ್ವತ ಸಿಡಿಯಿತು. ಸತ್ತ 57 ಮಂದಿಯಲ್ಲಿ, ಸುಮಾರು 10 ಕಿಲೋಮೀಟರ್ ದೂರದಲ್ಲಿ ನಿಂತು ಪರ್ವತವನ್ನು ವೀಕ್ಷಿಸುತ್ತಿದ್ದ ಭೂವಿಜ್ಞಾನಿ ಡೇವಿಡ್ ಜಾನ್‌ಸ್ಟನ್ ಒಬ್ಬರು.

ಆದುದರಿಂದಲೇ ದೂರದಿಂದ ಅಳೆಯುವ ವಿಧಾನಗಳಿಗೆ ಬೆಲೆ ಬಂದಿದೆ. ಉಪಗ್ರಹದ ರೇಡಾರ್ ಒಂದೇ ಸ್ಥಳವನ್ನು ಬೇರೆ ಬೇರೆ ದಿನ ಚಿತ್ರಿಸುತ್ತದೆ. ಮರಳಿದ ಅಲೆಗಳ ವ್ಯತ್ಯಾಸದಿಂದ ನೆಲ ಎಷ್ಟು ಸರಿಯಿತೆಂದು ತಿಳಿಯುತ್ತದೆ. ಇಸ್ರೋ ಮತ್ತು ನಾಸಾ ಜೊತೆಗೂಡಿ ರೂಪಿಸಿದ ನಿಸಾರ್ ಉಪಗ್ರಹವು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಕಕ್ಷೆಗೇರಿದ್ದು ಇಂತಹ ಕಾರ್ಯಕ್ಕಾಗಿಯೇ. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ ಜನವಸತಿಯಿಲ್ಲ. ಅಂತಹ ನಿರ್ಜನ ನೆಲದ ಉಸಿರಾಟವನ್ನು ಆಲಿಸಲು ಆಕಾಶದ ಕಿವಿಯೇ ತಕ್ಕುದು.