ಬೆಕ್ಕಿಗೂ ಬಂತೇ ಶುಗರ್? ಗಾಬರಿ ಬೇಡ, ಗಡಿಯಾರ ನೋಡಿ!

"ಅಯ್ಯೋ, ಬೆಕ್ಕಿಗೂ ಶುಗರ್ ಬರುತ್ತಾ?" ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಬರುತ್ತೆ. ಮನೆಯ ಅಜ್ಜನಿಗೆ, ಎದುರುಮನೆ ಆಂಟಿಗೆ ಬಂದ ಹಾಗೆಯೇ ಸೋಫಾ ಮೇಲೆ ಮಲಗಿ ಗುರುಗುಟ್ಟುವ ನಿಮ್ಮ ಮುದ್ದಿನ ಬೆಕ್ಕಿಗೂ ಬರುತ್ತೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿ, "ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡಬೇಕು" ಎಂದ ಕೂಡಲೇ ಮನೆಯಲ್ಲಿ ಗುಸುಗುಸು ಶುರು. "ಮನುಷ್ಯರಿಗೇ ಚುಚ್ಚೋದು ಕಷ್ಟ, ಇನ್ನು ಬೆಕ್ಕಿಗೆ ಯಾರು ಚುಚ್ತಾರೆ?" ಎಂದು ಒಬ್ಬರು. "ಮಾರ್ಕೆಟ್ ಹತ್ರ ಬಿಟ್ಟು ಬಂದರಾಯ್ತು" ಎಂದು ಇನ್ನೊಬ್ಬರು. ಹಾಗೆ ಬಿಟ್ಟು ಬಂದರೆ ಆ ಬೆಕ್ಕು ಹೆಚ್ಚು ದಿನ ಉಳಿಯುವುದಿಲ್ಲ. ಮನೆಯಲ್ಲೇ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಊಟ, ಇನ್ಸುಲಿನ್ ಕೊಟ್ಟರೆ ವರ್ಷಗಟ್ಟಲೆ ಚೆನ್ನಾಗಿರಬಲ್ಲದು. ಇದಕ್ಕೆ ನರ್ಸಿಂಗ್ ಓದಿರಬೇಕಿಲ್ಲ. ಅಡುಗೆಮನೆಯನ್ನು ಗಡಿಯಾರದಂತೆ ನಡೆಸುವ ಗೃಹಿಣಿಗೆ ಇದು ಖಂಡಿತ ಆಗುವ ಕೆಲಸ.

"ಒಂದು ಪ್ರಾಣಿಗೆ ಇಷ್ಟೆಲ್ಲ ಬೇಕಾ?" ಎನ್ನುವವರಿಗೆ ಉತ್ತರ ನಮ್ಮ ನೆಲದಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನವಿದೆ. ಕ್ರಿ.ಪೂ. 3ನೇ ಶತಮಾನದ ಈ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವುದರ ಜೊತೆಗೇ ಜೀವಿಗಳ ಮೇಲೆ ದಯೆ ಇರಬೇಕು ಎಂದೂ ಅದರಲ್ಲಿ ಬರೆಸಿದ್ದಾನೆ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅವನದೇ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಮಾತಿದೆ. ಸಾಕಿದ ಪ್ರಾಣಿಗೆ ಔಷಧಿ ಮಾಡುವುದು ಪೇಟೆಯವರ ಹೊಸ ಶೋಕಿ ಅಲ್ಲ ಎನ್ನಲು ಇಷ್ಟು ಸಾಕಲ್ಲವೆ?

ಈಗ ವಿಷಯಕ್ಕೆ ಬರೋಣ.

ಗುರುತಿಸುವುದು ಹೇಗೆ?

ಪದೇ ಪದೇ ನೀರು ಕುಡಿಯುವುದು, ಮರಳಿನ ಟ್ರೇ ತುಂಬ ಒದ್ದೆ ಮಾಡುವುದು, ಹೊಟ್ಟೆಬಾಕನಂತೆ ತಿಂದರೂ ಸೊರಗುವುದು - ಇವು ಮೊದಲ ಲಕ್ಷಣಗಳು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಬಿಸಿಲೂರುಗಳಲ್ಲಿ ಇಲ್ಲೇ ಮೋಸ ಹೋಗುವುದು. "ಬೇಸಿಗೆ ಅಲ್ವಾ, ನೀರು ಕುಡಿಯುತ್ತೆ ಬಿಡಿ" ಎಂದು ಸುಮ್ಮನಾಗುತ್ತೇವೆ. ಸೆಕೆ ಕಮ್ಮಿಯಾದ ಮೇಲೂ ನೀರಿನ ಬಟ್ಟಲು ಬೇಗ ಬೇಗ ಖಾಲಿಯಾಗುತ್ತಿದ್ದರೆ ಅನುಮಾನ ಪಡಿ. ಬೆಕ್ಕು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತಿದರಂತೂ ತಡ ಮಾಡಲೇಬೇಡಿ. ಕೆಲವು ಬೆಕ್ಕುಗಳು ಹಿಂಗಾಲಿನ ಬೆರಳ ತುದಿಯ ಬದಲು ಹಿಮ್ಮಡಿಯನ್ನೂ ನೆಲಕ್ಕೆ ಊರಿ ನಡೆಯುತ್ತವೆ, ಗೋಡೆ ಹತ್ತಲಾರದೆ ತಡವರಿಸುತ್ತವೆ. ಸಕ್ಕರೆ ಅಂಶ ಹೆಚ್ಚಾಗಿ ನರಗಳಿಗೆ ತೊಂದರೆಯಾಗಿರುವುದರ ಗುರುತು ಇದು.

ವಯಸ್ಸಾದ, ದಪ್ಪಗಿರುವ, ಮನೆ ಬಿಟ್ಟು ಹೊರಗೆ ಹೋಗದ ಬೆಕ್ಕುಗಳಲ್ಲಿ, ಅದರಲ್ಲೂ ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಈ ಕಾಯಿಲೆ ಜಾಸ್ತಿ. ತುರಿಕೆ, ಅಲರ್ಜಿಗೆಂದು ಕೊಡುವ ಸ್ಟೀರಾಯ್ಡ್ ಔಷಧಿಯಿಂದಲೂ ಬರಬಹುದು. ಈ ಹಿಂದೆ ಯಾವ ಇಂಜೆಕ್ಷನ್, ಯಾವ ಮಾತ್ರೆ ಕೊಡಿಸಿದ್ದೀರಿ ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಇನ್ನೊಂದು ಮಾತು. ಆಸ್ಪತ್ರೆಗೆ ಹೋದ ಬೆಕ್ಕು ಹೆದರಿದರೆ ಆ ಹೆದರಿಕೆಗೇ ಸಕ್ಕರೆ ಏರಿಬಿಡುತ್ತದೆ! ಹಾಗಾಗಿ ಒಂದು ಸಲದ ರಕ್ತ ಪರೀಕ್ಷೆ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಮೂತ್ರ ಪರೀಕ್ಷೆಯೂ ಆಗಬೇಕು. ಕಳೆದ ಒಂದೆರಡು ವಾರದ ಸಕ್ಕರೆಯ ಅಂದಾಜು ಕೊಡುವ ಫ್ರಕ್ಟೋಸಮೈನ್ ಎಂಬ ಪರೀಕ್ಷೆಯೂ ಇದೆ. "ಅದನ್ನೂ ಮಾಡಿಸೋಣವೇ ಡಾಕ್ಟ್ರೇ?" ಎಂದು ಧೈರ್ಯವಾಗಿ ಕೇಳಿ. ಕುರಿ, ದನಗಳೇ ಹೆಚ್ಚಿರುವ ಊರಿನ ಪಶು ಆಸ್ಪತ್ರೆಗಳಲ್ಲಿ ಬೆಕ್ಕಿನ ಶುಗರ್ ಅಪರೂಪದ ಕೇಸು. ಅಲ್ಲಿನ ಡಾಕ್ಟರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ಬೇಸರ ಬೇಡ. ಶಿವಮೊಗ್ಗದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಒಮ್ಮೆ ಅಲ್ಲಿ ತೋರಿಸಿ ಡೋಸ್ ಗೊತ್ತು ಮಾಡಿಸಿಕೊಂಡರೆ, ಮುಂದಿನದನ್ನು ಊರಿನ ಡಾಕ್ಟರ ಸಲಹೆಯಲ್ಲೇ ನಡೆಸಬಹುದು.

ಹಾಲು ಅನ್ನಕ್ಕೆ ವಿದಾಯ

ಬೆಕ್ಕೆಂದರೆ ಹಾಲು ಅನ್ನ ಎಂಬುದು ನಮ್ಮ ರೂಢಿ. ಆದರೆ ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ನಾಲಿಗೆಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಜೀನ್ ಅದರಲ್ಲಿ ಕೆಟ್ಟಿದೆ ಎಂದು ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಅನ್ನ, ಮುದ್ದೆ, ಬಿಸ್ಕತ್ತು, ಬ್ರೆಡ್ಡು ಎಲ್ಲವೂ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತವೆ. ಶುಗರ್ ಬಂದ ಬೆಕ್ಕಿಗೆ ಇವು ಬೇಡ. ಅಂಗಡಿಯ ಒಣ ಕಾಳಿನ ಆಹಾರದಲ್ಲೂ ಪಿಷ್ಟ ಹೆಚ್ಚು. ಅದರ ಬದಲು ಮೀನು, ಕೋಳಿಯ ಮೆತ್ತನೆ ಆಹಾರದ ಪೌಚ್ ಸಿಗುತ್ತದಲ್ಲ, ಅದು ವಾಸಿ. ಆದರೆ ಇನ್ಸುಲಿನ್ ಶುರುವಾದ ಮೇಲೆ ಊಟ ಬದಲಿಸುವುದಾದರೆ ಡಾಕ್ಟರಿಗೆ ಹೇಳಿಯೇ ಬದಲಿಸಿ. ಊಟದ ಪಿಷ್ಟ ಕಮ್ಮಿಯಾದರೆ ಇನ್ಸುಲಿನ್ನೂ ಕಮ್ಮಿ ಮಾಡಬೇಕಾಗುತ್ತದೆ.

"ನಾವು ಶುದ್ಧ ಸಸ್ಯಾಹಾರಿಗಳು, ಏನ್ರೀ ಮಾಡೋದು?" ಎಂಬ ಸಂಕಟ ಅರ್ಥವಾಗುತ್ತದೆ. ಟೌರಿನ್ ಎಂಬ ಅಂಶ ಇಲ್ಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಅದು ಸಿಗುವುದು ಮಾಂಸ, ಮೀನಿನಲ್ಲಿ. ಬೇಳೆ, ತರಕಾರಿಯಲ್ಲಿ ಇಲ್ಲ. ಹಾಗೆಂದು ನೀವು ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕಿಲ್ಲ. ಬೆಕ್ಕಿಗೆಂದೇ ಒಂದು ತಟ್ಟೆ, ಒಂದು ಚಮಚ, ಒಂದು ಕತ್ತರಿ ಹಿತ್ತಲಲ್ಲೋ ಬಾಲ್ಕನಿಯಲ್ಲೋ ಇಡಿ. ಪೌಚ್ ಅಲ್ಲೇ ಕತ್ತರಿಸಿ, ಅಲ್ಲೇ ಬಡಿಸಿ, ಅಲ್ಲೇ ತೊಳೆಯಿರಿ. ಅತ್ತೆಯವರ ಮಡಿಗೂ ಭಂಗವಿಲ್ಲ, ಬೆಕ್ಕಿನ ಜೀವಕ್ಕೂ ಭಂಗವಿಲ್ಲ.

ದಪ್ಪ ಬೆಕ್ಕಿಗೆ ಉಪವಾಸ ಮಾಡಿಸಿ ತೆಳ್ಳಗೆ ಮಾಡುತ್ತೇನೆ ಎಂದು ಹೊರಡಬೇಡಿ. ಎರಡು ಮೂರು ದಿನ ಊಟ ಬಿಟ್ಟರೆ ಬೆಕ್ಕಿನ ಲಿವರ್‌ಗೇ ಅಪಾಯ.

ಸೂಜಿ ಅಂದರೆ ಭಯವೇ?

ಇನ್ಸುಲಿನ್ ಸೂಜಿ ಕೂದಲಿನಷ್ಟು ಸಪೂರ. ಸರಿಯಾಗಿ ಕೊಟ್ಟರೆ ಬೆಕ್ಕಿಗೆ ಗೊತ್ತೇ ಆಗುವುದಿಲ್ಲ, ಊಟ ಮಾಡುತ್ತಲೇ ಇರುತ್ತದೆ. ಬೆಳಗ್ಗೆ ಏಳು, ಸಂಜೆ ಏಳು - ಹೀಗೆ ಹನ್ನೆರಡು ಗಂಟೆಯ ಅಂತರ ಇಟ್ಟುಕೊಳ್ಳಿ. ಬೆಳಗಿನ ಕಾಫಿ, ಸಂಜೆಯ ಸೀರಿಯಲ್ಲಿನ ಜೊತೆ ಸೇರಿಸಿಕೊಂಡರೆ ಮರೆಯುವುದಿಲ್ಲ. ಮೊದಲು ಊಟ ಹಾಕಿ, ತಿನ್ನುತ್ತಿದೆಯೇ ನೋಡಿ. ಆಮೇಲೆ ಹೊಟ್ಟೆಯ ಪಕ್ಕದ ಸಡಿಲ ಚರ್ಮವನ್ನು ಸೀರೆಯ ನೆರಿಗೆ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ, ಆ ನೆರಿಗೆಯ ಬುಡಕ್ಕೆ ಸೂಜಿ ತೂರಿಸಿ, ನಿಧಾನಕ್ಕೆ ಒತ್ತಿ. ಇನ್ನೊಂದು ಬದಿಯಿಂದ ಸೂಜಿ ಹೊರಬಂದು ಔಷಧಿ ರೋಮದ ಮೇಲೆ ಚೆಲ್ಲದಂತೆ ಎಚ್ಚರವಿರಲಿ. ದಿನಾ ಒಂದೇ ಜಾಗ ಬೇಡ. ಮೊದಲ ಸಲ ಡಾಕ್ಟರ ಎದುರಿಗೇ, ಉಪ್ಪುನೀರಿನ ಸಲೈನ್ ತುಂಬಿ ಅಭ್ಯಾಸ ಮಾಡಿ.

ಅರ್ಧ ಒಳಗೆ ಹೋಯಿತು, ಅರ್ಧ ಚೆಲ್ಲಿತು ಅನ್ನಿಸಿದರೆ ಮತ್ತೊಮ್ಮೆ ಕೊಡಲೇಬೇಡಿ. ಒಂದು ಹೊತ್ತು ತಪ್ಪಿದರೆ ದೊಡ್ಡ ಅನಾಹುತವಿಲ್ಲ. ಎರಡು ಸಲ ಬಿದ್ದರೆ ಜೀವಕ್ಕೇ ಕುತ್ತು.

ಕೆಂಪು ಟೋಪಿ, ಕಿತ್ತಳೆ ಟೋಪಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. ಒಂದು ಮಿಲಿಗೆ 40 ಯುನಿಟ್ ಇರುವುದು, ಇನ್ನೊಂದು 100 ಯುನಿಟ್ ಇರುವುದು. 40ರ ಸಿರಿಂಜಿಗೆ ಕೆಂಪು ಟೋಪಿ, 100ರ ಸಿರಿಂಜಿಗೆ ಕಿತ್ತಳೆ ಟೋಪಿ. ಬೆಕ್ಕುಗಳಿಗೆ ಡಾಕ್ಟರು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಇನ್ಸುಲಿನ್ 100ರದ್ದು. ಅದನ್ನು ಕೆಂಪು ಟೋಪಿಯ ಸಿರಿಂಜಿನಲ್ಲಿ ಒಂದು ಗೆರೆಯಷ್ಟು ಎಳೆದರೆ ಒಂದು ಯುನಿಟ್ ಅಲ್ಲ, ಎರಡೂವರೆ ಯುನಿಟ್ ಹೋಗುತ್ತದೆ! ಅಜ್ಜನಿಗೆ ಇಪ್ಪತ್ತು ಯುನಿಟ್ ಬೇಕಾದರೆ ಬೆಕ್ಕಿಗೆ ಶುರುವಿನಲ್ಲಿ ಸಾಮಾನ್ಯವಾಗಿ ಒಂದು ಯುನಿಟ್ ಆಸುಪಾಸು. ಅಷ್ಟು ಸಣ್ಣ ಜೀವಕ್ಕೆ ಈ ವ್ಯತ್ಯಾಸ ತಡೆಯುವುದಿಲ್ಲ. ಬಾಟಲಿ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ ತನ್ನಿ. ಅರ್ಧ ಯುನಿಟ್ಟಿನ ಗೆರೆ ಇರುವ ಸಣ್ಣ ಸಿರಿಂಜ್ ಸಿಕ್ಕರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಅಜ್ಜನಿಗೂ ಬೆಕ್ಕಿಗೂ ಇಬ್ಬರಿಗೂ ಇನ್ಸುಲಿನ್ ಇದ್ದರೆ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹೆಸರು ಬರೆಯಿರಿ. ಅಜ್ಜನ ಶುಗರ್ ಮಾತ್ರೆಯನ್ನು ಮುರಿದು ಬೆಕ್ಕಿಗೆ ಹಾಕುವ ಸಾಹಸವಂತೂ ಬೇಡವೇ ಬೇಡ. ಬೆಕ್ಕಿಗೆಂದೇ ತಯಾರಾದ ಶುಗರ್ ಮಾತ್ರೆಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜ. ಆದರೆ ಅದೂ ಎಲ್ಲ ಬೆಕ್ಕಿಗೆ ಆಗಿಬರುವುದಿಲ್ಲ, ಡಾಕ್ಟರ ನಿಗಾದಲ್ಲೇ ಕೊಡಬೇಕಾದದ್ದು.

ಇನ್ಸುಲಿನ್ನನ್ನು ಫ್ರಿಜ್ಜಿನ ಬಾಗಿಲಿನಲ್ಲೋ ಮಧ್ಯದ ತಟ್ಟೆಯಲ್ಲೋ ಇಡಿ, ಫ್ರೀಜರಿನಲ್ಲಿ ಬೇಡ. ಒಮ್ಮೆ ಗಡ್ಡೆ ಕಟ್ಟಿದ್ದು ಕರಗಿದರೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋದರೆ ನಮ್ಮ ಮಣ್ಣಿನ ಮಡಕೆಯೇ ಗತಿ. ಮಡಕೆಗೆ ನೀರು ಹಾಕಿ, ಅದರೊಳಗೆ ಒಣ ಬಟ್ಟಲಿನಲ್ಲಿ ಬಾಟಲಿ ಇಟ್ಟು, ನೆರಳಿನಲ್ಲಿಡಿ. ತಾತ್ಕಾಲಿಕವಾಗಿ ತಂಪಾಗಿರುತ್ತದೆ.

ಸಕ್ಕರೆ ಇಳಿದರೆ?

ಸಕ್ಕರೆ ಏರಿದ್ದಕ್ಕಿಂತ ದಿಢೀರನೆ ಇಳಿದದ್ದೇ ಹೆಚ್ಚು ಅಪಾಯ. ಬೆಕ್ಕು ತೂರಾಡುತ್ತದೆ, ಸುಸ್ತಾಗಿ ಬೀಳುತ್ತದೆ, ಮೈ ಅದುರುತ್ತದೆ, ಫಿಟ್ಸ್ ಬರಬಹುದು. ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ ಕೊಡಿ. ಇಲ್ಲವಾದರೆ ಜೇನುತುಪ್ಪವನ್ನೋ ಗಟ್ಟಿ ಸಕ್ಕರೆ ನೀರನ್ನೋ ಬೆರಳಲ್ಲಿ ತೆಗೆದು ಒಸಡಿಗೆ ಸವರಿ, ಕೂಡಲೇ ಡಾಕ್ಟರ ಹತ್ತಿರ ಒಯ್ಯಿರಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಉಸಿರುಗಟ್ಟುತ್ತದೆ. ಫಿಟ್ಸ್ ಬರುತ್ತಿರುವಾಗ ಬಾಯಿಗೆ ಬೆರಳು ಹಾಕಬೇಡಿ, ಕಚ್ಚೀತು. ಜೇನಿನ ಒಂದು ಚಿಕ್ಕ ಬಾಟಲಿ ಬೆಕ್ಕಿನ ಡಬ್ಬಿಯಲ್ಲೇ ಇರಲಿ.

ಮನುಷ್ಯರು ಬಳಸುವ ಗ್ಲೂಕೋಮೀಟರಿನಲ್ಲೇ ಬೆಕ್ಕಿನ ಸಕ್ಕರೆಯನ್ನೂ ನೋಡಬಹುದು. ಕಿವಿಯ ಅಂಚನ್ನು ಬೆಚ್ಚಗೆ ಉಜ್ಜಿ, ಹಿಂದೆ ಹತ್ತಿ ಹಿಡಿದು, ಸಣ್ಣಗೆ ಚುಚ್ಚಿದರೆ ಒಂದು ಹನಿ ಸಿಗುತ್ತದೆ. ಆ ಯಂತ್ರ ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಮ್ಮಿಯನ್ನೇ ತೋರಿಸುವುದುಂಟು, ಹಾಗಾಗಿ ಯಾವ ಸಂಖ್ಯೆಗೆ ಏನು ಮಾಡಬೇಕೆಂದು ಡಾಕ್ಟರಿಂದ ಬರೆಸಿಕೊಳ್ಳಿ. ಸಂಖ್ಯೆ ನೋಡಿ ನೀವೇ ಡೋಸ್ ಏರಿಸುವುದು ಬೇಡ.

ನಿಮ್ಮ ಸಂದೇಹಗಳು

ಊಟ ಮಾಡದಿದ್ದರೆ ಇಂಜೆಕ್ಷನ್ ಕೊಡಬಹುದೇ?
ಡಾಕ್ಟರಿಗೆ ಫೋನ್ ಮಾಡದೆ ಕೊಡಬೇಡಿ. ಊಟ ಬಿಟ್ಟು, ವಾಂತಿ ಮಾಡುತ್ತಾ, ಮಂಕಾಗಿ ಮಲಗಿದರೆ ಅದು ತುರ್ತು ಪರಿಸ್ಥಿತಿ. ನಾಳೆ ನೋಡೋಣ ಎನ್ನುವ ಹಾಗಿಲ್ಲ.

ಮಕ್ಕಳಿಗೆ ಅಂಟುತ್ತದೆಯೇ?
ಇಲ್ಲ. ಶುಗರ್ ಅಂಟುರೋಗವಲ್ಲ. ಮಕ್ಕಳು ಧಾರಾಳವಾಗಿ ಮುದ್ದಾಡಲಿ. ಸಿರಿಂಜ್ ಮಾತ್ರ ಅವರ ಕೈಗೆ ಸಿಗದಿರಲಿ.

ಬಳಸಿದ ಸೂಜಿ ಏನು ಮಾಡುವುದು?
ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿಡಿ. ತುಂಬಿದ ಮೇಲೆ ಆಸ್ಪತ್ರೆಗೆ ಕೊಡಿ. ಕಸದ ಬುಟ್ಟಿಗೆ ಎಸೆದರೆ ಚುಚ್ಚಿಕೊಳ್ಳುವುದು ಪೌರಕಾರ್ಮಿಕರ ಕೈ.

ಹಬ್ಬಕ್ಕೆ ತವರಿಗೆ ಹೋಗಬೇಕಲ್ಲ?
ಹೋಗಿ ಬನ್ನಿ! ಮನೆಯವರಿಗೋ ಪಕ್ಕದ ಮನೆಯವರಿಗೋ ವಾರ ಮೊದಲೇ ಕಲಿಸಿ. ನಿಮ್ಮ ಎದುರಿಗೆ ನಾಲ್ಕೈದು ಸಲ ಅವರೇ ಕೊಟ್ಟು ಕೈ ಕುದುರಲಿ. ಈ ಕೆಲಸ ನಿಮ್ಮೊಬ್ಬರ ತಲೆಗೇ ಕಟ್ಟಿಕೊಳ್ಳಬೇಕಿಲ್ಲ.

ಜೀವನಪೂರ್ತಿ ಕೊಡಬೇಕೇ?
ಇಲ್ಲೊಂದು ಸಿಹಿ ಸುದ್ದಿ. ಬೇಗ ಇನ್ಸುಲಿನ್ ಶುರು ಮಾಡಿ, ಪಿಷ್ಟ ಕಮ್ಮಿ ಇರುವ ಊಟ ಕೊಟ್ಟ ಕೆಲವು ಬೆಕ್ಕುಗಳಲ್ಲಿ ಕೆಲವೇ ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಂದು ಇನ್ಸುಲಿನ್ನೇ ನಿಲ್ಲುತ್ತದೆ. ಎಲ್ಲ ಬೆಕ್ಕಿಗೂ ಹೀಗಾಗದು. ನಿಂತ ಮೇಲೂ ಮರುಕಳಿಸಬಹುದು, ಪರೀಕ್ಷೆ ಬಿಡಬಾರದು. ಆದರೆ ತಡ ಮಾಡದೆ ಶುರು ಮಾಡುವುದರ ಲಾಭ ಇದು.

ಹಾಲಿನ ಲೆಕ್ಕದ ಕ್ಯಾಲೆಂಡರ್ ಪಕ್ಕ ಇನ್ನೊಂದು

ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರಿನ ಪಕ್ಕದಲ್ಲೇ ಬೆಕ್ಕಿನದೂ ಒಂದು ತೂಗುಹಾಕಿ. ಎಷ್ಟು ತಿಂದಿತು, ಎಷ್ಟು ನೀರು ಕುಡಿಯಿತು, ಎಷ್ಟು ಗಂಟೆಗೆ ಎಷ್ಟು ಯುನಿಟ್, ಕೊಟ್ಟವರು ಯಾರು - ಇಷ್ಟು ಬರೆದರೆ ಸಾಕು. "ನೀವು ಕೊಟ್ರಾ, ನಾನು ಕೊಟ್ನಾ?" ಎಂಬ ಗೊಂದಲವೇ ಇರದು. ವಾರಕ್ಕೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಬರೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯನ್ನೇ ಕೊಂಡೊಯ್ಯಿರಿ. "ಸ್ವಲ್ಪ ಸುಮಾರಾಗಿದೆ ಡಾಕ್ಟ್ರೇ" ಎನ್ನುವುದಕ್ಕಿಂತ ನಿಮ್ಮ ಆ ಒಂದು ಹಾಳೆ ನೂರು ಪಾಲು ಮೇಲು.