ಕಡ್ಡಿ ತುಂಬಿದೆ, ನೆಟ್ ಓಡುತ್ತಿಲ್ಲ

“ಯಾವ್ ಸಿಮ್ ಹಾಕ್ಸಿದ್ರೆ ನೆಟ್ ಚೆನ್ನಾಗ್ ಬರ್ತೈತೆ ಸಾರ್?” ಹೊಳಲ್ಕೆರೆ, ಹೊಸದುರ್ಗದ ಕಡೆ ಮೊಬೈಲ್ ಬಗ್ಗೆ ನಾಲ್ಕು ಮಾತಾಡಲು ನಿಂತರೆ ಮೊದಲು ಎದ್ದುಬರುವ ಪ್ರಶ್ನೆ ಇದೇ. ಕೇಳಿದವರಿಗೆ ಒಂದು ಕಂಪನಿಯ ಹೆಸರು ಬೇಕು. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ: ಯಾವ ಊರು, ಊರಲ್ಲಿ ಎಲ್ಲಿ ಕೂತು ನೋಡುತ್ತೀರಿ, ಎಷ್ಟು ಗಂಟೆಗೆ? ಚಿಕ್ಕಜಾಜೂರಿನ ಸ್ಟೇಷನ್ ಎದುರು ಚೆನ್ನಾಗಿ ಓಡುವ ಸಿಮ್ ಎರಡು ಮೈಲಿಯಾಚೆಯ ಅಡಿಕೆ ತೋಟದಲ್ಲಿ ಕೈಕೊಡಬಹುದು. ಬೆಳಿಗ್ಗೆ ಆರಕ್ಕೆ ಹಾರುವ ನೆಟ್ ರಾತ್ರಿ ಒಂಬತ್ತಕ್ಕೆ ತೆವಳಬಹುದು. ಯಾಕೆ ಹೀಗೆ ಎಂಬುದೇ ಈ ಅಧ್ಯಾಯ.

ಮೊದಲು ಬೇಕಾದಷ್ಟು ಪರಿಭಾಷೆ. ಟವರಿಗೂ ಫೋನಿಗೂ ನಡುವೆ ಓಡಾಡುವುದು ರೇಡಿಯೋ ಅಲೆ. ಯಾವ ಖಾಸಗಿ ಕಂಪನಿ ಯಾವ ಅಲೆಪಟ್ಟಿಯನ್ನು ಬಳಸಬಹುದು ಎಂಬುದು ಕೇಂದ್ರ ಸರ್ಕಾರದ ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಆ ಲೆಕ್ಕದಲ್ಲಿ ಇಡೀ ಕರ್ನಾಟಕ ಒಂದೇ ವೃತ್ತ, ಅಂದರೆ ಒಂದೇ ವಲಯ. ನೆಟ್‌ನ ವೇಗವನ್ನು ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುತ್ತಾರೆ. ಫೈಲಿನ ಗಾತ್ರವನ್ನು ಹೇಳುವುದು ಮೆಗಾಬೈಟ್‌ನಲ್ಲಿ. ಒಂದು ಬೈಟ್‌ಗೆ ಎಂಟು ಬಿಟ್. ಹಾಗಾಗಿ 16 ಎಂಬಿಪಿಎಸ್ ವೇಗದಲ್ಲಿ 100 ಎಂಬಿಯ ವಿಡಿಯೋ ಇಳಿಯಲು ಆರು ಸೆಕೆಂಡು ಸಾಲದು, 50 ಸೆಕೆಂಡು ಬೇಕು. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕು. ಫೋನಿನಲ್ಲಿ ಒಂದು ಸಾಧಾರಣ ವಿಡಿಯೋ ನೋಡಲು ಅಷ್ಟಿದ್ದರೆ ನಡೆಯುತ್ತದೆ.

ಅಲೆಗಳಲ್ಲಿ ಗಿಡ್ಡದ್ದು, ಉದ್ದದ್ದು ಎಂದಿವೆ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, ಹತ್ತಿರಹತ್ತಿರ ಒಂದು ಮೊಳ. 3500 ಮೆಗಾಹರ್ಟ್ಸ್‌ನದು ಒಂಬತ್ತು ಸೆಂಟಿಮೀಟರೂ ಇಲ್ಲ. ಮೊಳದುದ್ದದ ಅಲೆ ದೂರ ಹೋಗುತ್ತದೆ, ದಿಬ್ಬದಂಚಿನಲ್ಲಿ ಸ್ವಲ್ಪ ಬಾಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. ಗಿಡ್ಡ ಅಲೆ ಬೇಗ ಸೋಲುತ್ತದೆ. ಆದರೆ ಅಲ್ಲಿ ಕಂಪನಿಗಳಿಗೆ ಸಿಕ್ಕಿರುವ ಪಟ್ಟಿ ಅಗಲವಾದ್ದರಿಂದ ಸಿಕ್ಕ ಕಡೆ ವೇಗ ಜೋರು. 5ಜಿ ಎಂದರೆ ಎಲ್ಲೆಡೆ ಒಂದೇ ಅಲ್ಲ ಎನ್ನುವುದು ಇದಕ್ಕೇ. ಜಿಯೋ 700 ಮತ್ತು 3500 ಎರಡರಲ್ಲೂ 5ಜಿ ಕೊಡುತ್ತದೆ. ಏರ್‌ಟೆಲ್ 2022ರಲ್ಲಿ 5ಜಿ ಶುರುಮಾಡಿದ್ದು 3500ರ ಪಟ್ಟಿಯಲ್ಲಿ, 4ಜಿಯ ಹೆಗಲ ಮೇಲೆ ಕೂರಿಸಿ. ಬಿಎಸ್‌ಎನ್‌ಎಲ್‌ನ 4ಜಿಗೆ 700 ಮತ್ತು 2100 ಇವೆ.

ಬಣ್ಣ ಬಳಿದ ನಕ್ಷೆ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಸೇವಾ ಗುಣಮಟ್ಟ ನಿಯಮಾವಳಿಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಪ್ರತಿ ಮೊಬೈಲ್ ಕಂಪನಿಯೂ 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಹಾಕಲೇಬೇಕು ಎಂದಿತು. ಸಿಮ್ ಕೊಳ್ಳುವ ಮೊದಲು ಈ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಸರಿಯಾದ ಮೊದಲ ಹೆಜ್ಜೆ. ಊರಿನ ಮೇಲೆ ಬಣ್ಣವೇ ಇಲ್ಲದ ಕಂಪನಿಯನ್ನು ಅಲ್ಲಿಗೇ ಕೈಬಿಡಬಹುದು.

ಬಣ್ಣ ಇದ್ದರೆ ಮಾತ್ರ ಅಷ್ಟಕ್ಕೇ ನಂಬಬಾರದು. ಪ್ರತಿ ಅಂಗಳದಲ್ಲೂ ನಿಂತು ಅಳೆದು ಯಾರೂ ನಕ್ಷೆ ಮಾಡುವುದಿಲ್ಲ. ಟವರಿನ ಎತ್ತರ, ಶಕ್ತಿ, ನೆಲದ ಏರುತಗ್ಗು ಇವನ್ನು ಕಂಪ್ಯೂಟರಿಗೆ ಕೊಟ್ಟು ಲೆಕ್ಕ ಹಾಕಿಸುತ್ತಾರೆ. ಆ ಲೆಕ್ಕ ಬಯಲಲ್ಲಿ ನಿಂತವನಿಗೆ ಹೊಂದುತ್ತದೆ. ಹಿರಿಯೂರಿನ ಬಯಲುಸೀಮೆಯಲ್ಲಿ, ಹೆದ್ದಾರಿ 48ರ ಪಕ್ಕದಲ್ಲಿ ನಕ್ಷೆಗೂ ನಿಜಕ್ಕೂ ಅಂತರ ಕಡಿಮೆ. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದೊಳಗೆ ಬನ್ನಿ. ಒತ್ತಾಗಿ ನಿಂತ ಮರಗಳ ಸೋಗೆಯಲ್ಲಿ ನೀರಿನಂಶ ತುಂಬಿರುತ್ತದೆ, ನೀರು ರೇಡಿಯೋ ಅಲೆಯನ್ನು ಹೀರುತ್ತದೆ. ಮಳೆ ಬಂದು ಎಲೆ ತೊಯ್ದಾಗ ಇನ್ನೂ ಹೆಚ್ಚು. ತೋಟದ ಮನೆಗೆ ಜಿಂಕ್ ಶೀಟಿನ ಸೂರಿದ್ದರೆ ಕೇಳುವುದೇ ಬೇಡ, ಲೋಹದ ತಗಡು ಅಲೆಯನ್ನು ಬಂದ ದಾರಿಗೇ ಅಟ್ಟುತ್ತದೆ. ಕಿಟಕಿ ಬಾಗಿಲಲ್ಲಿ ನುಸುಳಿದ್ದಷ್ಟೇ ಒಳಗಿದ್ದವರ ಪಾಲು. “ಜಗಲಿಗೆ ಬಂದ್ರೆ ಮಾತ್ರ ಫೋನ್ ಸಿಗ್ತೈತೆ” ಎಂದು ಹೆಂಗಸರು ಹೇಳುವುದರಲ್ಲಿ ಒಂದು ಇಡೀ ಭೌತಶಾಸ್ತ್ರ ಪಾಠವಿದೆ.

ಕಡ್ಡಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಈಗ ನನಗೆ ಇಷ್ಟವಾದ ಭಾಗಕ್ಕೆ ಬರೋಣ. “ಫುಲ್ ಟವರ್ ಐತೆ, ಆದ್ರೂ ವಿಡಿಯೋ ಸುತ್ತುತ್ತಾನೇ ಐತೆ” ಎಂಬ ದೂರು ಕೇಳದ ದಿನವಿಲ್ಲ. ದೂರುವವರಿಗೆ ಇದು ಮೋಸದಂತೆ ಕಾಣುತ್ತದೆ. ಫೋನು ಸುಳ್ಳು ಹೇಳುತ್ತಿಲ್ಲ. ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದೆ.

4ಜಿ ಟವರು ‘ನಾನಿಲ್ಲಿದ್ದೇನೆ’ ಎಂದು ತಿಳಿಸುವ ಒಂದು ಗುರುತಿನ ಸಂಕೇತವನ್ನು ಎಡೆಬಿಡದೆ ಬಿತ್ತರಿಸುತ್ತಿರುತ್ತದೆ. ಅದರ ಶಕ್ತಿ ಸದಾ ಒಂದೇ. ಮೂರು ಜನ ನೆಟ್ ಬಳಸುತ್ತಿರಲಿ, ಮುನ್ನೂರು ಜನ ಬಳಸುತ್ತಿರಲಿ, ಹೆಚ್ಚುಕಡಿಮೆ ಆಗುವುದಿಲ್ಲ. ಫೋನಿನ ಕಡ್ಡಿಗಳು ಮುಖ್ಯವಾಗಿ ಅಳೆಯುವುದು ಆ ಸಂಕೇತ ನಮ್ಮ ತನಕ ಎಷ್ಟು ಉಳಿದು ಬಂತು ಎಂಬುದನ್ನು. ಟವರಿನ ಬಳಿ ನಮಗೆ ಕೊಡಲು ಎಷ್ಟು ಉಳಿದಿದೆ ಎಂಬುದು ಕಡ್ಡಿಗೆ ಗೊತ್ತೇ ಇಲ್ಲ. ಸಾಲದ್ದಕ್ಕೆ ಎಷ್ಟು ಶಕ್ತಿಗೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ತಯಾರಿಸುವವರು ತಮತಮಗೆ ತೋಚಿದಂತೆ ಇಟ್ಟುಕೊಂಡಿದ್ದಾರೆ. ಅಣ್ಣನ ಫೋನಿನ ಮೂರು ಕಡ್ಡಿ, ತಮ್ಮನ ಫೋನಿನ ನಾಲ್ಕು ಕಡ್ಡಿ ಎಂದು ಹೋಲಿಸಿ ಸಿಮ್ ಬದಲಿಸುವುದರಲ್ಲಿ ಅರ್ಥವಿಲ್ಲ.

ಹಂಚಿಕೆ ಹೇಗೆ ನಡೆಯುತ್ತದೆ ನೋಡಿ. ಕಂಪನಿಯೊಂದಕ್ಕೆ 10 ಮೆಗಾಹರ್ಟ್ಸ್ ಅಗಲದ ಪಟ್ಟಿ ಇದೆ ಎನ್ನಿ. 4ಜಿಯಲ್ಲಿ ಅದನ್ನು 50 ತುಂಡು ಮಾಡುತ್ತಾರೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೊಮ್ಮೆ ಟವರು ಈ ತುಂಡುಗಳನ್ನು ಯಾರು ಯಾರಿಗೆ ಎಂದು ಹೊಸದಾಗಿ ಹಂಚುತ್ತದೆ. ಸೆಕೆಂಡಿಗೆ ಸಾವಿರ ಸಲ! ಎಲ್ಲವೂ ಆದರ್ಶವಾಗಿದ್ದರೆ ಟವರಿನ ಒಂದು ದಿಕ್ಕಿನಿಂದ ಸುಮಾರು 75 ಎಂಬಿಪಿಎಸ್ ಹೊರಡುತ್ತದೆ. ನಲವತ್ತು ಮಂದಿ ಒಟ್ಟಿಗೆ ವಿಡಿಯೋ ಹಾಕಿದರೆ ತಲೆಗೆ ಎರಡೂ ಬೀಳುವುದಿಲ್ಲ. ಎಲ್ಲರ ಫೋನಿನಲ್ಲೂ ಕಡ್ಡಿ ಮಾತ್ರ ತುಂಬಿರುತ್ತದೆ.

ಜನ ಎಡವುವುದು ಮುಂದಿನ ಮೆಟ್ಟಿಲಲ್ಲಿ. ಎಲ್ಲರಿಗೂ ಒಂದೇ ಅಳತೆಯ ತುಂಡು ಸಿಕ್ಕರೂ ಅದರಲ್ಲಿ ಹಿಡಿಯುವ ಮಾಹಿತಿ ಒಂದೇ ಅಲ್ಲ. ಸಿಗ್ನಲ್ ಸ್ಪಷ್ಟವಾಗಿ ಕೇಳುವ ಫೋನಿಗೆ ಟವರು ಒಂದೊಂದು ಸಂಕೇತದಲ್ಲಿ ಆರು ಅಥವಾ ಎಂಟು ಬಿಟ್ ತುರುಕುತ್ತದೆ. ದೂರದ ಫೋನಿಗೆ ಎರಡೇ ಬಿಟ್, ಅದರಲ್ಲೂ ಬಹುಪಾಲು ತಪ್ಪು ತಿದ್ದಿಕೊಳ್ಳಲೆಂದು ಸೇರಿಸಿದ್ದು. ಒಂದೇ ವಿಡಿಯೋವನ್ನು ತಲುಪಿಸಲು ಈ ದೂರದ ಫೋನು ಹತ್ತಿಪ್ಪತ್ತು ಪಟ್ಟು ಹೆಚ್ಚು ತುಂಡು ತಿನ್ನಬಹುದು. ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನಾಲೆಯ ತುದಿಯ ಜಮೀನು ನೆನೆಯಬೇಕಾದರೆ ತೂಬನ್ನು ಹೆಚ್ಚು ಹೊತ್ತು ತೆರೆದಿಡಬೇಕು, ದಾರಿಯಲ್ಲಿ ಇಂಗುವ ನೀರಿನ ನಷ್ಟವನ್ನು ಎಲ್ಲರೂ ಹೊರಬೇಕು. ಟವರಿನ ಬುಡದಲ್ಲಿ ಕೂತವನ ನೆಟ್ ನಿಧಾನವಾಗಲು ಮೈಲಿ ದೂರದ ಶೀಟ್ ಮನೆಯೊಳಗಿನ ಫೋನು ಕಾರಣವಾಗಬಹುದು ಎಂದರೆ ಮೊದಲ ಸಲ ಕೇಳಿದವರು ನಗುತ್ತಾರೆ. ನಿಜ ಮಾತ್ರ ಅದೇ.

ಇದನ್ನು ಕಣ್ಣಾರೆ ನೋಡಲು ಚಿಕ್ಕಜಾಜೂರಿಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗದ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಇದು. ಒಂದು ಸ್ಲೀಪರ್ ಬೋಗಿಯಲ್ಲಿ 72 ಅಥವಾ 80 ಮಲಗುವ ಜಾಗ. ಇಪ್ಪತ್ತು ಬೋಗಿಯ ಗಾಡಿ ಬಂದು ನಿಂತರೆ ಸಾವಿರಕ್ಕೂ ಮಿಕ್ಕಿ ಫೋನುಗಳು ಒಮ್ಮೆಲೇ ಊರಿನ ಟವರುಗಳಿಗೆ ಜೋತುಬೀಳುತ್ತವೆ. ಅವೆಲ್ಲ ಇರುವುದು ಕಬ್ಬಿಣದ ಡಬ್ಬಿಯೊಳಗೆ. ಎಸಿ ಬೋಗಿಗೆ ತೆರೆಯುವ ಕಿಟಕಿಯೂ ಇಲ್ಲ. ಹಾಗಾಗಿ ಮಂದಿಯೂ ಹೆಚ್ಚು, ಒಬ್ಬೊಬ್ಬರಿಗೆ ತಗಲುವ ತುಂಡೂ ಹೆಚ್ಚು. ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವವರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ‘ಪ್ರೊಸೆಸಿಂಗ್’ ಎಂಬುದನ್ನೇ ನೋಡುತ್ತ ನಿಂತ ಗಿರಾಕಿಯ ಫೋನಿನಲ್ಲಿ ಕಡ್ಡಿ ಒಂದೂ ಕಡಿಮೆಯಾಗಿರುವುದಿಲ್ಲ. ಗಾಡಿ ಮಾಯಕೊಂಡದ ಕಡೆ ಸರಿದ ಮೇಲೆ ಹಣ ಟಣ್ಣೆಂದು ಹೋಗುತ್ತದೆ. ಯುಪಿಐಗೆ ಬೇಕಾದ ಡೇಟಾ ತೀರಾ ಕಡಿಮೆ. ಅದಕ್ಕೆ ಬೇಕಾದದ್ದು ಸರದಿ ಬೇಗ ಬರುವುದು, ನಡುವೆ ತುಂಡಾಗದಿರುವುದು.

ಇನ್ನೊಂದು ಸೋಜಿಗವಿದೆ. ಎತ್ತರಕ್ಕೆ ಹೋದರೆ ನೆಟ್ ಚೆನ್ನಾಗಿರುತ್ತದೆ ಎಂದು ನಂಬಿ ಮಾಳಿಗೆ ಹತ್ತುವವರು ಬಹಳ. ತಗ್ಗಿನ ಊರಲ್ಲಿ ಅದು ಸರಿ. ಆದರೆ ಒಂದು ಕಂಪನಿಯ 4ಜಿ ಟವರುಗಳು ಸಾಮಾನ್ಯವಾಗಿ ಎಲ್ಲವೂ ಅದೇ ಪಟ್ಟಿಯಲ್ಲೇ ಮಾತಾಡುತ್ತವೆ. ಚಿತ್ರದುರ್ಗದ ಕೋಟೆಯ ಮೇಲಿನ ಬತೇರಿಗೋ ಜೋಗಿಮಟ್ಟಿಗೋ ಹೋಗಿ ನಿಂತರೆ ಸುತ್ತಲಿನ ಹತ್ತಾರು ಟವರುಗಳು ಏಕಕಾಲಕ್ಕೆ ಫೋನಿಗೆ ಕೇಳಿಸುತ್ತವೆ. ಸಂತೆಯ ಗದ್ದಲ! ಶಕ್ತಿ ತುಂಬಿ ತುಳುಕುತ್ತಿದ್ದರೂ ಯಾವ ಮಾತೂ ಸ್ಪಷ್ಟವಿಲ್ಲ. ಅಲ್ಲಿ ಬಂಡೆಯ ಮರೆಗೆ ಸರಿದರೆ ವೇಗ ಹೆಚ್ಚಾಗುವುದೂ ಉಂಟು. ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟು ನೋಡಿ ಎಂದು ನಾನು ಹೇಳುವುದು ತಮಾಷೆಗಲ್ಲ.

ಟವರಿನ ಹಿಂದಿನ ದಾರಿಯನ್ನೂ ಮರೆಯಬಾರದು. ಟವರಿನಿಂದಾಚೆಗೆ ಮಾಹಿತಿ ಹೋಗುವುದು ನೆಲದಡಿಯ ಆಪ್ಟಿಕಲ್ ಫೈಬರಿನಲ್ಲಿ, ಇಲ್ಲವೇ ಟವರಿಂದ ಟವರಿಗೆ ನೆಟ್ಟ ಡೋಲಿನಾಕಾರದ ಮೈಕ್ರೋವೇವ್ ಆಂಟೆನಾದಲ್ಲಿ. ಈ ದಾರಿ ಇಕ್ಕಟ್ಟಾಗಿದ್ದರೆ ಮೇಲೆ 5ಜಿ ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೆ.

ಹಾಗಾದರೆ ಹೋಲಿಸುವುದು ಹೇಗೆ?

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಶಕ್ತಿ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಅಂಕಿಯ ಹಿಂದೆ ಮೈನಸ್ ಇರುವುದರಿಂದ ಚಿಕ್ಕ ಅಂಕಿಯೇ ಒಳ್ಳೆಯದು. 4ಜಿಯಲ್ಲಿ ಮೈನಸ್ 85 ಚೆನ್ನ, ಮೈನಸ್ 100 ಪರವಾಗಿಲ್ಲ, ಮೈನಸ್ 110 ದಾಟಿತೆಂದರೆ ಕಷ್ಟ, 120ರ ಹತ್ತಿರ ನೆಟ್ ಇದ್ದೂ ಇಲ್ಲ. ಹತ್ತು ಅಂಕಿ ಕೆಳಗಿಳಿದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯಿತೆಂದು ತಿಳಿಯಿರಿ. 90ರಿಂದ 110ಕ್ಕೆ ಹೋದರೆ ನೂರನೇ ಒಂದಕ್ಕೆ. ಮೈನಸ್ 90 ಅಂದರೆ ಒಂದು ವಾಟಿನ ಲಕ್ಷ ಕೋಟಿಯಲ್ಲೊಂದು ಪಾಲು. ಅಷ್ಟರಲ್ಲೇ ನಮ್ಮ ಫೋನು ಸಿನಿಮಾ ತೋರಿಸುತ್ತದೆ! ಇದಕ್ಕೆ ಬೆರಗಾಗದವರ ಜೊತೆ ನನಗೆ ಮಾತಿಲ್ಲ.

ಶಕ್ತಿಯನ್ನು ಬರೆದುಕೊಂಡ ಮೇಲೆ ಟ್ರಾಯ್‌ನವರ ಮೈಸ್ಪೀಡ್ ಆ್ಯಪ್‌ನಲ್ಲಿ ವೇಗವನ್ನೂ ಅಳೆಯಿರಿ. ಮಲಗುವ ಕೋಣೆ, ಜಗಲಿ, ತೋಟ ಹೀಗೆ ನೀವು ನಿಜವಾಗಿ ಫೋನ್ ಹಿಡಿಯುವ ಜಾಗಗಳಲ್ಲಿ, ಬೆಳಿಗ್ಗೆಯೂ ರಾತ್ರಿ ಎಂಟರ ಮೇಲೂ ನೋಡಿ. ಬೇರೆ ಬೇರೆ ಕಂಪನಿಗಳನ್ನು ಹೋಲಿಸುವಾಗ ಫೋನು ಒಂದೇ ಇರಲಿ, ಸಿಮ್ ಮಾತ್ರ ಬದಲಾಗಲಿ. ನೆರೆಮನೆಯವರ ಸಿಮ್ಮನ್ನು ಒಂದು ಗಳಿಗೆ ಕೇಳಿ ಪಡೆದರೆ ಸಾಕು. ಶಕ್ತಿ ಚೆನ್ನಾಗಿದ್ದು ರಾತ್ರಿ ಮಾತ್ರ ವೇಗ ಬಿದ್ದರೆ ಅದು ದಟ್ಟಣೆ, ಬೇರೆ ಕಂಪನಿಗೆ ಹೋಗುವುದರಲ್ಲಿ ಅರ್ಥವಿದೆ. ಹೊರಗೆ ಚೆನ್ನ, ಒಳಗೆ ಕೆಟ್ಟದ್ದು ಎಂದಾದರೆ ತಪ್ಪು ಸೂರಿನದು. 700ರಂಥ ಉದ್ದ ಅಲೆಯ ಪಟ್ಟಿ ಇರುವ ಕಂಪನಿಯನ್ನು ನೋಡಿ, ಇಲ್ಲವೇ ಮನೆಗೆ ಫೈಬರ್ ಎಳೆಸಿ ವೈಫೈ ಮಾಡಿಕೊಳ್ಳಿ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶಾದ್ಯಂತ 2011ರ ಜನವರಿಯಿಂದಲೇ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರು ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ಒಮ್ಮೆ ಹೋದರೆ 90 ದಿನ ಅಲ್ಲೇ ಇರಬೇಕಾಗುತ್ತದೆ, ಆದ್ದರಿಂದ ಅಳೆದ ಮೇಲೆಯೇ ಹೋಗಿ.

ನಗರಗಳ ಸರಾಸರಿ ವೇಗದ ಪಟ್ಟಿಗಳು ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತವೆ. ಅವು ಹೆಚ್ಚಾಗಿ ಹೇಳುವುದು ಅಳತೆ ಹೆಚ್ಚು ನಡೆದ ಕಡೆಯ ಕತೆಯನ್ನು, ಅಂದರೆ ಪೇಟೆಯ ಕತೆಯನ್ನು. ಹಳ್ಳಿಯ ಲೆಕ್ಕ ಹಳ್ಳಿಯವರೇ ಬರೆಯದೆ ಸಿಗುವುದಿಲ್ಲ. ಹೈಸ್ಕೂಲು, ಪಿಯು ಕಾಲೇಜುಗಳ ವಿಜ್ಞಾನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಟ್ಟು, ಊರಿನ ಬೀದಿ ಬೀದಿಯ ಡಿಬಿಎಂ ಮತ್ತು ವೇಗವನ್ನು ಗಂಟೆ ಸಮೇತ ಬರೆಸಿ, ಗ್ರಾಮದ ನಕ್ಷೆಯ ಮೇಲೆ ಗುರುತು ಹಾಕಿಸಿ. ಅಡಿಕೆ ತೋಟದಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ಎಷ್ಟು ಅಂತರ ಬರುತ್ತದೆ ಎಂದು ಒಂದು ವರ್ಷ ಅಳೆಯಿಸಿ. ಆ ನಕ್ಷೆಯ ಒಂದು ಪ್ರತಿಯನ್ನು ಗ್ರಾಮಸಭೆಗೂ, ಇನ್ನೊಂದನ್ನು ಕಂಪನಿಗೂ ಕಳಿಸಿ.